ಬಾಂಜ್ ಮರದಡಿಯ ಎರಡನೆಯ ಮಳೆ

ಕುಮಾವೂಂ ಬೆಟ್ಟಗಳಲ್ಲಿ ಮಳೆ ನಿಂತು ಬಿಸಿಲು ಮೂಡಿದ ಮೇಲೂ ಬಾಂಜ್ ಮರದ ಕೆಳಗೆ ನಿಂತವರ ತಲೆಯ ಮೇಲೆ ಹನಿಗಳು ಬೀಳುತ್ತಲೇ ಇರುತ್ತವೆ. ಮುಗಿಲಿನ ಮಳೆ ಮುಗಿದು ಮರದ ಮಳೆ ನಡೆದಿರುತ್ತದೆ. ಈ ಎರಡು ಮಳೆಗಳ ನೀರು ಒಂದೇ ಅಲ್ಲ.

ಬಾಂಜ್ ಎಂಬುದು ಹಿಮಾಲಯದ ಓಕ್. ನೈನಿತಾಲದ ಸುತ್ತಣ ಬೆಟ್ಟಗಳಲ್ಲಿ ಇದರ ಕಾಡುಗಳಿವೆ. ಎಲೆಯ ಮೇಲ್ಮೈ ಕಡುಹಸಿರು. ಅಡಿಯಲ್ಲಿ ಬೂದಿ ಬಳಿದಂಥ ಬಿಳುಪು. ಈ ಎಲೆಗಳ ಮೇಲೆ ಬಿದ್ದ ನೀರಿನಲ್ಲಿ ಒಂದು ಪಾಲು ಅಲ್ಲಿಂದಲೇ ಆವಿಯಾಗಿ ಆಕಾಶಕ್ಕೆ ಮರಳುತ್ತದೆ. ಬರಿಯ ತುಂತುರಾದರೆ ನೆಲಕ್ಕೆ ಏನೂ ದಕ್ಕದಿರುವುದೂ ಉಂಟು. ಬಹುಪಾಲು ಎಲೆಗಳ ಸಂದಿನಿಂದ ತೊಟ್ಟಿಕ್ಕಿ ಇಳಿಯುತ್ತದೆ. ಅಲ್ಪಾಂಶ ಮಾತ್ರ ಕೊಂಬೆ ಹಿಡಿದು, ಒರಟು ತೊಗಟೆಯ ಮೇಲೆ ಹರಿದು ಬುಡವನ್ನು ಸೇರುತ್ತದೆ.

ಇಳಿಯುವ ನೀರು ಬರಿಗೈಯಲ್ಲಿ ಬರುವುದಿಲ್ಲ. ಬೇಸಿಗೆಯ ಧೂಳನ್ನೂ ಕಾಳ್ಗಿಚ್ಚಿನ ಬೂದಿಯನ್ನೂ ತೊಳೆದು ತರುತ್ತದೆ. ಎಲೆಯೊಳಗಿನ ಲವಣಗಳೂ ಅದರಲ್ಲಿ ಸೋರುತ್ತವೆ. ಎಲ್ಲಕ್ಕಿಂತ ಮುಂಚೆ ಹೊರಡುವುದು ಪೊಟ್ಯಾಸಿಯಂ. ಅದು ಎಲೆಯ ರಸದಲ್ಲಿ ಕರಗಿಯೇ ಇರುವುದರಿಂದ ಹಿಡಿದಿಡುವವರಿಲ್ಲ. ಮರದಡಿಯ ಹನಿಯಲ್ಲಿ ಅದು ಬಯಲ ಮಳೆಯಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಕ್ಯಾಲ್ಸಿಯಂ ಹಾಗಲ್ಲ. ಬಹುಮಟ್ಟಿಗೆ ಕೋಶಗಳ ಗೋಡೆಗೆ ಗಾರೆಯಂತೆ ಅಂಟಿಕೊಂಡಿರುವ ಅದು ಎಲೆ ಉದುರಿ ಕೊಳೆಯುವವರೆಗೆ ಕಾಯಬೇಕು. ನೈಟ್ರೋಜನ್‌ನ ವ್ಯವಹಾರವೇ ಬೇರೆ: ಮಳೆ ತಂದ ಪಾಲಿನಲ್ಲಿ ಅನೇಕ ವೇಳೆ ಎಲೆಗಳೂ, ಕೊಂಬೆಯ ಮೇಲಣ ಹಾವಸೆ, ಕಲ್ಲುಹೂವುಗಳೂ ದಾರಿಯಲ್ಲಿಯೇ ಸುಂಕ ವಸೂಲುಮಾಡಿಬಿಡುತ್ತವೆ! ಹೀಗೆ ಮರವು ನೆಲಕ್ಕೆ ಕೊಟ್ಟುದನ್ನು ಅದರ ಬೇರುಗಳು ಮತ್ತೆ ಎತ್ತಿಕೊಳ್ಳುತ್ತವೆ.

ಈ ಸಂಸಾರ ಕೆಡುವುದು ಕುಡುಗೋಲಿನಿಂದ. ಬಾಂಜ್ ಸೊಪ್ಪು ದನಗಳಿಗೆ ಮೇವು, ಕಟ್ಟಿಗೆ ಒಲೆಗೆ ಉರುವಲು. ಬೆಟ್ಟದ ಹೆಂಗಸರು ಹೊತ್ತು ತರುವ ಪ್ರತಿಯೊಂದು ಹೊರೆಯೊಡನೆ ಮರದ ಮಾಡೂ ಅದರ ಲವಣಗಳೂ ಕಾಡನ್ನು ಬಿಟ್ಟು ಹೋಗುತ್ತವೆ. ಅವರನ್ನು ದೂರುವುದು ನ್ಯಾಯವಲ್ಲ. ಹಟ್ಟಿಯಲ್ಲಿ ಹಸು ಕಾದಿರುತ್ತದೆ. ಆದರೆ ಬೋಳಾದ ಜಾಗಕ್ಕೆ ಚೀಡ್ ಎಂಬ ಪೈನ್ ಮರ ನುಗ್ಗುತ್ತದೆ. ಒಮ್ಮೆ ಬಂದರೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದು ಎಲೆ ಉದುರಿಸುವ ಮೊದಲು ನೈಟ್ರೋಜನ್‌ನ ಬಹುಭಾಗವನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಸತ್ವಹೀನವಾದ ಆ ತರಗನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ನೈಟ್ರೋಜನನ್ನೇ ಹಿಡಿದಿಡುತ್ತವೆ. ಬಾಂಜ್ ಸಸಿಗೆ ಉಳಿಯುವುದು ಉಪವಾಸ. ನೈನಿತಾಲದ ಜೆ. ಎಸ್. ಸಿಂಗ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು.

1931ರ ನಿಯಮಗಳಿಂದ ರೂಪುಗೊಂಡ ವನ ಪಂಚಾಯತಿಗಳು ಕೆಲವು ಹಳ್ಳಿಗಳಲ್ಲಿ ಸೊಪ್ಪು ಕಡಿಯಲು ದಿನಗಳನ್ನು ಗೊತ್ತುಮಾಡುತ್ತವೆ. ಉಳಿದ ದಿನಗಳಲ್ಲಿ ಕುಡುಗೋಲು ಮನೆಯಲ್ಲಿಯೇ.