ಭೂಮಿಯ ಸುತ್ತಲಿನ ಸಿಂಬಿ



2024ರ ಮೇ 10 ನೆನಪಿದೆಯೇ? ಅಂದು ಶುಕ್ರವಾರ. ಬಸವ ಜಯಂತಿ, ಅಕ್ಷಯ ತದಿಗೆ. ಮೂರು ದಿನ ಮೊದಲು ಬೆಳಗಾವಿಯಲ್ಲಿ ಓಟು ನಡೆದಿತ್ತು. ಬೆರಳಿನ ಶಾಯಿ ಇನ್ನೂ ಅಳಿಸಿರಲಿಲ್ಲ. ಆ ರಾತ್ರಿ ಹತ್ತೂವರೆ ದಾಟಿದ ಮೇಲೆ ಆಕಾಶದಲ್ಲಿ, ಬಹಳ ಎತ್ತರದಲ್ಲಿ, ಒಂದು ದೊಡ್ಡ ಬಿರುಗಾಳಿ ಎದ್ದಿತು. 2003ರ ನಂತರ ಅಷ್ಟು ದೊಡ್ಡದು ಬಂದಿರಲಿಲ್ಲ. ಆದರೆ ಖಾಸಬಾಗದಲ್ಲಿ ಒಂದು ಸೀರೆಯ ಸೆರಗೂ ಹಾರಲಿಲ್ಲ!

ಇದೆಂಥ ಬಿರುಗಾಳಿ?

ಸೂರ್ಯ ಬೆಳಕು ಮಾತ್ರ ಕೊಡುವುದಿಲ್ಲ. ವಿದ್ಯುತ್ತು ತುಂಬಿದ ಸಣ್ಣ ಸಣ್ಣ ಕಣಗಳನ್ನೂ ಹೊರಗೆ ಚೆಲ್ಲುತ್ತಾನೆ. ಕೆಲವು ಸಲ ಕಾದ ಹಾಲಿನಂತೆ ಉಕ್ಕುತ್ತಾನೆ. ಆಗ ಕಣಗಳ ಮೋಡವೇ ನಮ್ಮ ಕಡೆ ಬರುತ್ತದೆ. ನಮ್ಮ ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದರ ಸೆಳೆತ ಬಹಳ ದೂರ ಹಬ್ಬಿದೆ. ಮೋಡ ಬಂದು ಬಡಿದರೆ ಆ ಸೆಳೆತ ಅಲುಗಾಡುತ್ತದೆ. ಇದೇ ಕಾಂತ ಬಿರುಗಾಳಿ.

ಈಗ ಒಂದು ಹೊಸ ಪದ. ಬಿಡಿಸಿ ಓದಿರಿ: ಪ್ಲಾ-ಸ್ಮಾ. ವಿದ್ಯುತ್ತು ತುಂಬಿದ ಕಣಗಳ ಗುಂಪಿಗೆ ಈ ಹೆಸರು. ಉರಿಯುವ ಟ್ಯೂಬ್‌ಲೈಟಿನ ಒಳಗೆ ಇರುವುದೂ ಪ್ಲಾಸ್ಮಾ. ಭೂಮಿಯ ಸುತ್ತಲೂ ತೆಳ್ಳನೆಯ ಪ್ಲಾಸ್ಮಾ ಇದೆ. ಅದು ಕಣ್ಣಿಗೆ ಕಾಣದು. ಕೊಡದ ಕೆಳಗೆ ನಾವು ಸಿಂಬಿ ಇಡುತ್ತೇವಲ್ಲ, ಅದೇ ಆಕಾರ. ಕೊಡದ ನಡುವಿಗೆ ದಪ್ಪ ಸಿಂಬಿ ತೊಡಿಸಿದಂತೆ. ಭೂಮಿ ತಿರುಗಿದರೆ ಅದೂ ಜೊತೆಗೆ ತಿರುಗುತ್ತದೆ.

ಬಿರುಗಾಳಿ ಬಂದಾಗ ಈ ಸಿಂಬಿಯ ಹೊರಪದರ ಕಿತ್ತು ಹೋಗುತ್ತದೆ. ಕಂಡಿಕೆಯ ನೂಲು ಹೊರಗಿನಿಂದ ಬಿಚ್ಚುತ್ತದೆ ನೋಡಿರಿ, ಹಾಗೆ. ಒಳಗಿನ ಸುತ್ತು ಉಳಿಯುತ್ತದೆ. ತಮಾಷೆ ಅಂದರೆ, ಕಿತ್ತು ಹೋದದ್ದು ಸೂರ್ಯನ ಕಡೆಗೇ ಹರಿದು ಹೋಗುತ್ತದೆ.

ಆ ಮೇ ತಿಂಗಳಲ್ಲಿ ಏನಾಯಿತು? ಜಪಾನಿನ ಅರಾಸೆ ಎಂಬ ಉಪಗ್ರಹ ಅಳೆದು ನೋಡಿತು. ಸಿಂಬಿಯ ಅಂಚು ಮೊದಲು ನೆಲದಿಂದ 44,000 ಕಿಲೋಮೀಟರ್ ಮೇಲಿತ್ತು. ಬಿರುಗಾಳಿಯಲ್ಲಿ 9,600 ಕಿಲೋಮೀಟರಿಗೆ ಇಳಿಯಿತು. ಐದರಲ್ಲಿ ಒಂದು ಪಾಲು ಉಳಿಯಿತು ಅನ್ನಿ. ಇಳಿಯಲು ಕೆಲವೇ ತಾಸು ಸಾಕಾಯಿತು. ಮತ್ತೆ ತುಂಬಲು ನಾಲ್ಕು ದಿನಕ್ಕಿಂತ ಹೆಚ್ಚು ಬೇಕಾಯಿತು.

ಯಾಕೆ ಅಷ್ಟು ತಡ? ಸಿಂಬಿಗೆ ಹೊಸ ಕಣಗಳು ಬರುವುದು ಕೆಳಗಿನ ಗಾಳಿಯ ಪದರದಿಂದ. ಬಿರುಗಾಳಿ ಆ ಪದರವನ್ನೂ ಕಾಯಿಸಿ ಕಲಕಿತ್ತು. ಅಲ್ಲಿಯೇ ಕಣಗಳು ಕಡಿಮೆ ಆಗಿದ್ದವು. ನೂಲೇ ಇಲ್ಲದಿದ್ದರೆ ಕಂಡಿಕೆ ಸುತ್ತುವುದು ಹೇಗೆ?

"ಅದು ಅಲ್ಲಿ, ನಾವು ಇಲ್ಲಿ. ನಮಗೇನು ಅದರಿಂದ?" ಎಂದು ನೀವು ಕೇಳಬಹುದು. ಕೇಳಲೇಬೇಕು.

ಟಿವಿ ಚಿತ್ರ, ಮಳೆಯ ಮುನ್ಸೂಚನೆ ನಮಗೆ ಉಪಗ್ರಹಗಳಿಂದ ಬರುತ್ತವೆ. ಇನ್ಸಾಟ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಂದರೆ ಸಿಂಬಿಯ ಹೊರ ಅಂಚಿನ ಹತ್ತಿರ. ಸಿಂಬಿ ಕುಗ್ಗಿದಾಗ ಅವು ಬಯಲಿಗೆ ಬೀಳುತ್ತವೆ. ವೇಗದ ಬಿಸಿ ಕಣಗಳು ಬಡಿದು ಯಂತ್ರ ಕೆಡಬಹುದು. ಅದಕ್ಕೇ ನಮ್ಮ ಹಾಸನದ ನಿಯಂತ್ರಣ ಕೇಂದ್ರದವರು ಆಗ ಕಣ್ಣಿಟ್ಟು ಕಾದರು. ದೊಡ್ಡ ಹಾನಿ ಆಗಲಿಲ್ಲ. ಅಮೆರಿಕದಲ್ಲಿ ಅದು ಬಿತ್ತನೆಯ ಹಂಗಾಮು. ಉಪಗ್ರಹದ ಸಂಕೇತ ಹಿಡಿದು ಸಾಲು ಹೊಡೆಯುವ ಟ್ರ್ಯಾಕ್ಟರುಗಳು ಅಲ್ಲಿವೆ. ಸಂಕೇತ ತಪ್ಪಿತು. ಎಷ್ಟೋ ರೈತರು ಬಿತ್ತನೆ ನಿಲ್ಲಿಸಿ ಕೂತರು.

1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಇಂಥದೇ ಬಿರುಗಾಳಿಯಿಂದ ಕರೆಂಟೇ ಹೋಯಿತು. ಸುಮಾರು 60 ಲಕ್ಷ ಜನ ಕತ್ತಲಲ್ಲಿ ಕೂತರು. ಆ ಊರು ಉತ್ತರ ಧ್ರುವಕ್ಕೆ ಹತ್ತಿರ. ನಾವು ದೂರ, ನಮಗೆ ಆ ಭಯ ಕಡಿಮೆ. ಖಾಸಬಾಗದಲ್ಲಿ ಕರೆಂಟು ಹೋಗಿ ಮಗ್ಗ ನಿಂತರೆ ಸೂರ್ಯನನ್ನು ಬೈಯಬೇಡಿರಿ!

ಇಂಥ ಬಿರುಗಾಳಿಯಿಂದ ಮನುಷ್ಯರು ಸುಟ್ಟು ಹೋಗುತ್ತಾರೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿರಿ. ಆ ಕಣಗಳನ್ನು ಭೂಮಿಯ ಸೆಳೆತವೂ ನಮ್ಮ ದಪ್ಪನೆಯ ಗಾಳಿಯೂ ಮೇಲೆಯೇ ತಡೆಯುತ್ತವೆ. ಮಕ್ಕಳು ಅಂಗಳದಲ್ಲಿ ಮಲಗಿದರೂ ಏನೂ ಆಗದು.

ಸೂರ್ಯನನ್ನು ನೋಡಲೆಂದೇ ನಮ್ಮ ದೇಶ 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆ ಕಳಿಸಿತು. ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ, ಸೂರ್ಯನ ದಾರಿಯಲ್ಲಿದೆ. ಮೋಡ ಮೊದಲು ಅದಕ್ಕೆ ತಾಗುತ್ತದೆ, ಆಮೇಲೆ ನಮಗೆ.