ಈ ಸಲ ರಿಮೋಟ್ ಯಾರದ್ದು? ಗಂಡ, ಹೆಂಡತಿ ಮತ್ತು ಮ್ಯಾಚ್ ಸೀಸನ್

ಇವತ್ತಿನ ವಿಷಯ ಸ್ವಲ್ಪ ಮನೆಯದ್ದು, ಸ್ವಲ್ಪ ಮೈದಾನದ್ದು. ಮದುವೆಯಾದ ಹೊಸತರಲ್ಲಿ ಜಗಳ ಯಾವುದಕ್ಕೆ ಆಗುತ್ತೆ ಅಂತ ಕೇಳಿದ್ರೆ ದುಡ್ಡು, ಅಡುಗೆ, ನಿಮ್ಮ ಮನೆ–ನಮ್ಮ ಮನೆ ಅಂತ ಒಂದು ಪಟ್ಟಿ ಹೇಳ್ತೀವಿ. ಆ ಪಟ್ಟಿಗೆ ಇನ್ನೊಂದನ್ನ ಸೇರಿಸ್ಕೊಳ್ಳಿ: ಮ್ಯಾಚ್.

ನಮ್ಮ ಮನೆ ಪರಿಚಯ ಮೊದಲು ಹೇಳಿಬಿಡ್ತೀನಿ. ಬೆಂಗಳೂರಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ, ಒಂದೇ ಟಿವಿ, ಇಬ್ಬರಿಗೂ ಕೆಲಸ. ನಾನು ಶಾಲೆಯಲ್ಲಿದ್ದಾಗಿಂದ ಆರ್‌ಸಿಬಿ. ನನ್ನ ಗಂಡ ಮಂಡ್ಯ ಕಡೆಯವರು, ಅವರಿಗೆ ಕಬಡ್ಡಿ ಹುಚ್ಚು. ಹೈಸ್ಕೂಲಲ್ಲಿ ಆಡಿದ್ದಾರೆ, ಮೊಣಕಾಲಲ್ಲಿ ಗುರುತೂ ಇದೆ. ಮನೆಗೆ ಯಾರೇ ಬಂದ್ರೂ ಸ್ಕೋರ್ ಕೇಳೋದು ಮಾತ್ರ ಅವರನ್ನ. ಅವರು ಅಡುಗೆಮನೆ ಕಡೆ ಕೈ ತೋರಿಸಿ, ‘ಅವಳನ್ನ ಕೇಳಿ’ ಅಂತಾರೆ. ಬಂದವರು ನಗ್ತಾರೆ. ಅದರಲ್ಲಿ ನಗೋದೇನಿದೆ ಅನ್ನೋದೇ ಇವತ್ತಿನ ಸಂಚಿಕೆಯ ಒಂದು ಪ್ರಶ್ನೆ.

‘ನಮ್ದೇ’ ಅಂತ ಯಾಕೆ ಅಂತೀವಿ?

‘ಈ ಸಲ ಕಪ್ ನಮ್ದೇ’ ಅನ್ನೋ ಘೋಷಣೆಯಲ್ಲಿ ‘ನಮ್ದೇ’ ಅನ್ನೋ ಪದ ಗಮನಿಸಿ. ಬ್ಯಾಟ್ ಹಿಡಿದೋರು ಯಾರೋ, ದುಡ್ಡು ಎಣಿಸಿಕೊಳ್ಳೋರು ಯಾರೋ. ನಾವು ಸೋಫಾ ಮೇಲೆ ಕೂತು ಮಂಡಕ್ಕಿ ತಿಂತಿರ್ತೀವಿ. ಆದ್ರೂ ಕಪ್ ನಮ್ಮದು!

ಇದರ ಬಗ್ಗೆ ಒಂದು ಹಳೆಯ, ತುಂಬ ಪ್ರಸಿದ್ಧವಾದ ಅಧ್ಯಯನ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಜೊತೆಗಾರರು 1976ರಲ್ಲಿ ಪ್ರಕಟಿಸಿದ್ದು. ವಾರಾಂತ್ಯದಲ್ಲಿ ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದಿದ್ರೆ, ಸೋಮವಾರ ಕ್ಲಾಸಿಗೆ ಬರೋ ವಿದ್ಯಾರ್ಥಿಗಳಲ್ಲಿ ಕಾಲೇಜಿನ ಹೆಸರಿರೋ ಬಟ್ಟೆ ಹಾಕಿದವರು ಹೆಚ್ಚಿಗೆ ಇರ್ತಿದ್ರು. ಫೋನ್ ಮಾಡಿ ಫಲಿತಾಂಶ ಕೇಳಿದಾಗ, ಗೆದ್ದ ಪಂದ್ಯಕ್ಕೆ ‘ನಾವು’ ಅನ್ನೋ ಮಾತು ಹೆಚ್ಚಾಗಿ ಬರ್ತಿತ್ತು, ಸೋತ ಪಂದ್ಯಕ್ಕೆ ಕಡಿಮೆ. ಬೇರೆಯವರ ಗೆಲುವಿನ ಬೆಳಕಲ್ಲಿ ನಾವೂ ಮೈ ಕಾಯಿಸಿಕೊಳ್ತೀವಿ ಅನ್ನೋದು ಅವರ ವಿವರಣೆ. ಗೆದ್ದಾಗ ನಾವು, ಸೋತಾಗ ಅವರು.

ಆದ್ರೆ ಗಟ್ಟಿ ಅಭಿಮಾನಿಗಳ ಲೆಕ್ಕ ಬೇರೆ. ತಂಡದ ಜೊತೆ ಗುರುತು ಆಳವಾಗಿ ಬೆಸೆದುಕೊಂಡವರು ಸೋತಾಗಲೂ ದೂರ ಹೋಗಲ್ಲ. ಆರ್‌ಸಿಬಿಯವರನ್ನೇ ನೋಡಿ. 2009, 2011, 2016, ಮೂರು ಫೈನಲ್‌ನಲ್ಲಿ ಸೋಲು. 2013ರ ಏಪ್ರಿಲ್ 23ರಂದು ಪುಣೆ ವಿರುದ್ಧ 263 ರನ್, 2017ರಲ್ಲಿ ಅದೇ ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ 49ಕ್ಕೆ ಆಲ್‌ಔಟ್. ಅಷ್ಟಾದ್ರೂ ಜರ್ಸಿ ಯಾರೂ ಬಿಸಾಕಲಿಲ್ಲ. 2024ರ ಮಾರ್ಚ್‌ನಲ್ಲಿ ಸ್ಮೃತಿ ಮಂದಾನ ನಾಯಕತ್ವದ ಮಹಿಳಾ ತಂಡ ಮೊದಲ ಕಪ್ ತಂತು. ಪುರುಷರ ತಂಡಕ್ಕೆ 2025ರ ಜೂನ್ 3ರವರೆಗೆ, ಅಂದ್ರೆ 18ನೇ ಸೀಸನ್‌ವರೆಗೆ ಕಾಯಬೇಕಾಯ್ತು. ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್‌ನಿಂದ ಗೆದ್ದರು.

ಹಾಗಾಗಿ ಜೊತೆಗಿರೋರು ‘ಅಯ್ಯೋ, ಬರೀ ಆಟ ತಾನೇ’ ಅಂದಾಗ ಯಾಕೆ ಚುಚ್ಚುತ್ತೆ ಅಂತ ಗೊತ್ತಾಯ್ತಲ್ಲ? ನಮ್ಮ ಪಾಲಿಗೆ ಅದು ‘ನಾವು’ ಅನ್ನೋದರ ಒಂದು ಭಾಗ. ಬರೀ ಆಟ ಅನ್ನೋ ಮಾತು ಆಟಕ್ಕಲ್ಲ, ನಮಗೇ ತಾಗುತ್ತೆ.

ಹವ್ಯಾಸ ಕಾಯುತ್ತೆ, ಮ್ಯಾಚ್ ಕಾಯಲ್ಲ

ನನ್ನ ಗಂಡನಿಗೆ ಟೆರೇಸ್ ಮೇಲೆ ಗಿಡ ಬೆಳೆಸೋ ಹವ್ಯಾಸ ಇದೆ. ಟೊಮೆಟೊ, ಮೆಣಸಿನಕಾಯಿ, ಒಂದು ಕರಿಬೇವು. ಆರು ಗಂಟೆಗೆ ನೀರು ಹಾಕದಿದ್ರೆ ಏಳಕ್ಕೆ ಹಾಕಬಹುದು. ಗಿಡ ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಐಪಿಎಲ್ ಸಂಜೆ ಪಂದ್ಯ 7.30ಕ್ಕೆ ಶುರು ಅಂದ್ರೆ 7.30ಕ್ಕೇ ಶುರು. ಮಾರನೇ ದಿನ ನೋಡೋಣ ಅಂದ್ರೆ ಅಷ್ಟರಲ್ಲಿ ಫಲಿತಾಂಶ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲೇ ಬಂದಿರುತ್ತೆ. ಹವ್ಯಾಸಕ್ಕೂ ಅಭಿಮಾನಕ್ಕೂ ಇರೋ ವ್ಯತ್ಯಾಸ ಇದೇ. ಸಮಯವನ್ನ ನಾವು ಗೊತ್ತು ಮಾಡೋ ಹಾಗಿಲ್ಲ.

ಲೆಕ್ಕ ಹಾಕೋಣ. ಒಂದು ಟಿ20 ಪಂದ್ಯ ಮುಗಿಯೋಕೆ ಮೂರೂವರೆಯಿಂದ ನಾಲ್ಕು ಗಂಟೆ. ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ, ಅಂದ್ರೆ ಸುಮಾರು 50 ಗಂಟೆ. 2025ರ ಐಪಿಎಲ್‌ನ 74 ಪಂದ್ಯಗಳನ್ನೂ ಬಿಡದೆ ನೋಡಿದ್ರೆ 250 ಗಂಟೆ ದಾಟುತ್ತೆ. ಕಬಡ್ಡಿಯಲ್ಲಿ ಆಟದ ಸಮಯ 20 ನಿಮಿಷದ ಎರಡು ಅವಧಿ, ಒಟ್ಟು 40 ನಿಮಿಷ. ಒಂದು ರೈಡಿಗೆ 30 ಸೆಕೆಂಡ್. ವಿರಾಮ, ರಿವ್ಯೂ ಎಲ್ಲ ಸೇರಿದ್ರೂ ಒಂದು ಗಂಟೆ ಆಸುಪಾಸಲ್ಲಿ ಮುಗಿಯುತ್ತೆ.

ಮದುವೆಯಾದ ಮೊದಲ ವರ್ಷ ರಿಮೋಟ್ ವಿಷಯದಲ್ಲಿ ‘ನಿಂಗೊಂದು ಮ್ಯಾಚು, ನಂಗೊಂದು ಮ್ಯಾಚು’ ಅಂತ ಒಪ್ಪಂದ ಆಗಿತ್ತು. ಎರಡನೇ ವಾರಕ್ಕೆ ಇವರು ತಕರಾರು ತೆಗೆದರು: ‘ನೋಡು, ನಿಂದೊಂದು ಮುಗಿಯೋದ್ರೊಳಗೆ ನಮ್ದು ಮೂರಾಯ್ತವೆ. ಇದ್ಯಾವ ಸೀಮೆ ನ್ಯಾಯ?’ ಮಾತು ಸರಿಯಾಗೇ ಇತ್ತು. ಮ್ಯಾಚ್ ಎಣಿಸೋದು ಬಿಟ್ಟು ಗಂಟೆ ಎಣಿಸೋಕೆ ಶುರು ಮಾಡಿದ್ವಿ. ಪ್ರೊ ಕಬಡ್ಡಿ ಸೀಸನ್ನಿನಲ್ಲಿ ರಿಮೋಟ್ ಪೂರ್ತಿ ಅವರ ಕೈಲಿ. ಬೆಂಗಳೂರು ಬುಲ್ಸ್ ಆರನೇ ಸೀಸನ್ ಕಪ್ ಗೆದ್ದ 2019ರ ಜನವರಿ 5ರ ಫೈನಲ್, ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದ ಆ ಪಂದ್ಯ, ಈಗ ನನಗೂ ಬಾಯಿಪಾಠ. ಅಷ್ಟು ಸಲ ಹಾಕಿ ತೋರಿಸಿದ್ದಾರೆ.

7.30ಕ್ಕೆ ಕುಕ್ಕರ್ ಯಾರು ಇಡ್ತಾರೆ?

ಈಗ ನಗು ಬಂದ ಪ್ರಶ್ನೆಗೆ ಬರೋಣ. ಸಂಜೆ 7.30 ಅಂದ್ರೆ ನಮ್ಮ ಮನೆಗಳಲ್ಲಿ ಟಾಸ್ ಮುಗಿದಿರೋ ಹೊತ್ತು ಮಾತ್ರ ಅಲ್ಲ, ರಾತ್ರಿ ಅಡುಗೆ ಹೊತ್ತೂ ಹೌದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ. ಗಂಡಸರು 88 ನಿಮಿಷ. ವ್ಯತ್ಯಾಸ 201 ನಿಮಿಷ. ಅಂದ್ರೆ ಹೆಚ್ಚುಕಡಿಮೆ ಒಂದು ಟಿ20 ಪಂದ್ಯ, ಪ್ರತಿದಿನ.

ಹೆಂಗಸರು ಕ್ರಿಕೆಟ್ ನೋಡಲ್ಲ, ಅವರಿಗೆ ಅರ್ಥ ಆಗಲ್ಲ ಅನ್ನೋರಿಗೆ ನಾನು ಈ ಲೆಕ್ಕ ತೋರಿಸ್ತೀನಿ. ಅಭಿಮಾನಕ್ಕೆ ಮೊದಲು ಬೇಕಿರೋದು ಆಟದ ಜ್ಞಾನ ಅಲ್ಲ, ಎದ್ದು ಹೋಗಬೇಕಿಲ್ಲದ ನಾಲ್ಕು ಗಂಟೆ. ಪವರ್‌ಪ್ಲೇ ಹೊತ್ತಿಗೆ ಒಗ್ಗರಣೆ, 15ನೇ ಓವರ್‌ಗೆ ಪಾತ್ರೆ ಅಂದ್ರೆ ಯಾರಿಗೆ ತಾನೇ ಆಟ ಅರ್ಥ ಆಗುತ್ತೆ?

ನಮ್ಮ ಮನೆಯಲ್ಲಿ ಇದು ತಾನಾಗೇ ಸರಿಹೋಗಲಿಲ್ಲ, ಮಾತಾಡಿ ಸರಿ ಮಾಡ್ಕೊಂಡಿದ್ದು. ಆರ್‌ಸಿಬಿ ಪಂದ್ಯದ ದಿನ ಅಡುಗೆ ಇವರದ್ದು. ಕಬಡ್ಡಿ ದಿನ ನನ್ನದು. ಅತ್ತೆ ಊರಿಂದ ಬಂದಾಗ ಹೇಗೋ ಏನೋ ಅಂತ ನನಗೆ ಅಳುಕಿತ್ತು. ಅವರು ಎರಡು ದಿನ ಸುಮ್ಮನೆ ನೋಡಿದರು. ಮೂರನೇ ದಿನ ಆರೂವರೆಗೇ ಬಂದು, ‘ಏನವ್ವಾ, ಇವತ್ತು ಆಟ ಐತಾ? ಹಂಗಾರೆ ಮುದ್ದೆ ಬೇಗ ಮಾಡ್ಬುಡಾನ’ ಅಂದ್ರು. ಮುದ್ದೆ ತಿರುವಿದ್ದು ಮಾತ್ರ ಅವರ ಮಗನೇ.

ಸೋಲಿಗಿಂತ ನಿರೀಕ್ಷೆ ಅಪಾಯ

ಇನ್ನೊಂದು ವಿಷಯ ಗಂಭೀರವಾದದ್ದು. ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕನ್ ಫುಟ್‌ಬಾಲ್ ಲೀಗ್ ಪಂದ್ಯಗಳ ದಿನ ಪೊಲೀಸರಿಗೆ ಬಂದ ಕೌಟುಂಬಿಕ ಹಿಂಸೆಯ ದೂರುಗಳನ್ನ ಪರಿಶೀಲಿಸಿದ್ದರು. ತವರಿನ ತಂಡ ಗೆದ್ದೇ ಗೆಲ್ಲುತ್ತೆ ಅಂತ ಅಂದಾಜಿದ್ದು, ಸೋತುಬಿಟ್ಟ ದಿನ, ಗಂಡಸರು ಹೆಂಡತಿ ಅಥವಾ ಗೆಳತಿ ಮೇಲೆ ಕೈ ಮಾಡಿದ ಪ್ರಕರಣಗಳು ಶೇ 10ರಷ್ಟು ಜಾಸ್ತಿಯಾಗಿದ್ದವು. ಸಮಬಲದ ಪಂದ್ಯದಲ್ಲಿ ಸೋತಾಗ ಅಂಥ ಏರಿಕೆ ಕಾಣಲಿಲ್ಲ. ಅನಿರೀಕ್ಷಿತವಾಗಿ ಗೆದ್ದಾಗ ಹಿಂಸೆ ಕಡಿಮೆಯೂ ಆಗಲಿಲ್ಲ.

ಅಂದ್ರೆ ಸಿಟ್ಟು ಬರಿಸೋದು ಬರೀ ಸೋಲಲ್ಲ, ಕಟ್ಟಿಕೊಂಡ ನಿರೀಕ್ಷೆ ಮುರಿದು ಬೀಳೋದು. ಆದ್ರೆ ಇದು ಕಾರಣದ ವಿವರಣೆ, ಕೈ ಎತ್ತೋದಕ್ಕೆ ಕೊಡೋ ನೆಪ ಅಲ್ಲ. ಸೋಲಿನ ರಾತ್ರಿ ಸುಮ್ಮನಿರೋದು ಬೇರೆ, ತಟ್ಟೆ ಎಸೆಯೋದು ಬೇರೆ. ನಿಮ್ಮ ಮನೆಯಲ್ಲಿ ಮ್ಯಾಚ್ ಸೋತ ದಿನ ನಿಮಗೆ ಭಯ ಆಗುತ್ತೆ ಅಂದ್ರೆ ಅದು ಅಭಿಮಾನದ ವಿಷಯ ಅಲ್ಲವೇ ಅಲ್ಲ. ಮಹಿಳಾ ಸಹಾಯವಾಣಿ 181, ತುರ್ತಾದರೆ 112. ಈ ಎರಡು ನಂಬರ್ ಫೋನಲ್ಲಿ ಇಟ್ಕೊಳ್ಳಿ.

ನಮ್ಮಲ್ಲಿ ಸೋತ ರಾತ್ರಿಗೊಂದು ಕಟ್ಟುಪಾಡಿದೆ. ಅರ್ಧ ಗಂಟೆ ಯಾರೂ ವಿಶ್ಲೇಷಣೆ ಮಾಡೋ ಹಾಗಿಲ್ಲ, ಛೇಡಿಸೋ ಹಾಗಿಲ್ಲ. ಬೀದಿ ಕೊನೆವರೆಗೆ ನಡೆದು ಬರ್ತೀವಿ. ಬೌಲಿಂಗ್ ಬದಲಾವಣೆ ಬಗ್ಗೆ ಬೆಳಿಗ್ಗೆ ಕಾಫಿ ಜೊತೆ ಬೈದ್ರೆ ಸಾಕು.

ದುಡ್ಡಿನ ಮಾತು

ಸ್ಟೇಡಿಯಂಗೆ ಹೋಗೋ ಆಸೆ ಎಲ್ಲರಿಗೂ ಇರುತ್ತೆ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಮೂಲಬೆಲೆ 1,000 ರೂಪಾಯಿ ಇದ್ರೆ ಮೊದಲು 1,280 ಆಗ್ತಿತ್ತು, ಈಗ 1,400. ಇಬ್ಬರಿಗೆ ಟಿಕೆಟ್, ಮೆಟ್ರೊ, ಒಳಗೆ ತಿಂಡಿ ಅಂತ ಕೂಡಿಸಿದ್ರೆ ತಿಂಗಳ ದಿನಸಿ ನೆನಪಾಗುತ್ತೆ. ಅದಕ್ಕೇ ನಾವು ವರ್ಷಕ್ಕೊಂದೇ ಪಂದ್ಯ ಅಂತ ಮೊದಲೇ ತೆಗೆದಿಡ್ತೀವಿ.

ಟಿಕೆಟ್‌ಗಿಂತ ದೊಡ್ಡ ತೂತು ಇನ್ನೊಂದಿದೆ. ದುಡ್ಡು ಕಟ್ಟಿ ತಂಡ ಮಾಡೋ ಆ್ಯಪ್‌ಗಳು ನೆನಪಿವೆಯಲ್ಲ? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯ್ತು. ಹಾಗಂತ ಬೆಟ್ಟಿಂಗ್ ಚಟ ಕಾಯ್ದೆ ಪುಸ್ತಕ ನೋಡಿ ಹೋಗಲ್ಲ. ಕಳೆದುಕೊಂಡ ದುಡ್ಡಿಗಿಂತ, ಅದನ್ನ ಜೊತೆಗಿರೋರಿಂದ ಮುಚ್ಚಿಟ್ಟಿದ್ದು ಮನೆಯನ್ನ ಹೆಚ್ಚು ಹಾಳು ಮಾಡುತ್ತೆ. ಮ್ಯಾಚ್ ನೋಡೋವಾಗ ಸಂಗಾತಿಯ ಕಣ್ಣು ಟಿವಿಗಿಂತ ಫೋನ್ ಮೇಲೇ ಇದ್ರೆ, ಜಗಳ ಮಾಡದೆ ಒಂದು ಸಲ ಕೇಳಿ.

ಜೂನ್ 4 ಕಲಿಸಿದ್ದು

ಕಪ್ ಗೆದ್ದ ಮಾರನೇ ದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಹದಿಹರೆಯದವರು, ಇಪ್ಪತ್ತರ ವಯಸ್ಸಿನವರು. ಸುಮಾರು 35 ಸಾವಿರ ಜನ ಹಿಡಿಸೋ ಜಾಗಕ್ಕೆ ಎರಡು–ಮೂರು ಲಕ್ಷ ಜನ ಬಂದಿದ್ದರು ಅಂತ ಸರ್ಕಾರ ಹೇಳಿತು.

ಅವತ್ತು ನಾನೂ ಜರ್ಸಿ ಹಾಕ್ಕೊಂಡು ಹೊರಟಿದ್ದೆ. ಮೆಟ್ರೊ ಪ್ಲಾಟ್‌ಫಾರ್ಮ್ ಮೇಲೆ ಕಾಲಿಡೋಕೆ ಜಾಗ ಇರಲಿಲ್ಲ, ಅಲ್ಲಿಂದಲೇ ವಾಪಸ್ ಬಂದೆ. ರಾತ್ರಿ ಸುದ್ದಿಯಲ್ಲಿ ಬೀದಿ ತುಂಬ ಬಿದ್ದಿದ್ದ ಚಪ್ಪಲಿಗಳನ್ನ ನೋಡಿ ನಾವಿಬ್ಬರೂ ಟಿವಿ ಆರಿಸಿದ್ವಿ. ಕಪ್ ಬಗ್ಗೆ ಮತ್ತೆ ಮಾತಾಡೋಕೆ ತುಂಬ ದಿನ ಬೇಕಾಯ್ತು.

ಇಂಥ ಕಡೆ ಜನ ಸಾಯೋದು ಬರೀ ತುಳಿತದಿಂದ ಅಲ್ಲ. ಒತ್ತಡಕ್ಕೆ ಎದೆ ಅಗಲಿಸೋಕೆ ಆಗದೆ, ನಿಂತಲ್ಲೇ ಉಸಿರುಗಟ್ಟುತ್ತೆ. ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಜನಕ್ಕಿಂತ ಹೆಚ್ಚಾದ್ರೆ ನಮ್ಮ ಹೆಜ್ಜೆ ನಮ್ಮ ಮಾತು ಕೇಳಲ್ಲ. ಅದಕ್ಕೆ ಮುಂಚೆಯೇ, ಎರಡೂ ಭುಜಕ್ಕೆ ಜನ ತಾಗ್ತಿದ್ದಾರೆ ಅನ್ನಿಸಿದಾಗಲೇ, ಹೊರಗೆ ಬನ್ನಿ. ಸಿಕ್ಕಿಹಾಕಿಕೊಂಡ್ರೆ ಬಾಕ್ಸರ್ ಹಾಗೆ ಕೈಗಳನ್ನ ಎದೆ ಮುಂದೆ ಇಟ್ಕೊಳ್ಳಿ. ನೂಕಿಗೆ ಎದುರು ನಿಲ್ಲಬೇಡಿ, ನೂಕು ನಿಂತ ಗಳಿಗೆಯಲ್ಲಿ ಓರೆಯಾಗಿ ಅಂಚಿನ ಕಡೆ ಸರೀರಿ. ಇಬ್ಬರೂ ಹೋಗಿದ್ರೆ ತಪ್ಪಿಸಿಕೊಂಡಾಗ ಸೇರೋ ಜಾಗವನ್ನ ಮನೆಯಲ್ಲೇ ಗೊತ್ತು ಮಾಡಿ. ಅಷ್ಟು ಜನ ಇರೋ ಕಡೆ ಫೋನ್ ನೆಟ್‌ವರ್ಕ್ ನಂಬೋ ಹಾಗಿಲ್ಲ.

ವೇಳಾಪಟ್ಟಿ ಬಂದ ದಿನ

ಕೊನೆಗೆ ಒಂದು ಕೆಲಸ ಹೇಳ್ತೀನಿ. ಮುಂದಿನ ಸೀಸನ್ ವೇಳಾಪಟ್ಟಿ ಬಂದ ದಿನ, ಅದು ಕ್ರಿಕೆಟ್ ಇರಲಿ ಕಬಡ್ಡಿ ಇರಲಿ, ಇಬ್ಬರೂ ಗೋಡೆ ಕ್ಯಾಲೆಂಡರ್ ಮುಂದೆ ನಿಂತ್ಕೊಳ್ಳಿ. ಬಿಡಲೇಬಾರದ ಪಂದ್ಯಗಳಿಗೆ ಗುರುತು ಹಾಕಿ. ಅದರ ಪಕ್ಕದಲ್ಲೇ ಅವತ್ತು ಅಡುಗೆ ಯಾರದ್ದು ಅಂತ ಬರೆಯಿರಿ. ಮದುವೆ ಮನೆ, ಗೃಹಪ್ರವೇಶ ಏನಾದ್ರೂ ಅದೇ ದಿನ ಬಿದ್ರೆ ಆಗಲೇ ಗೊತ್ತಾಗುತ್ತೆ. ಸೀಸನ್ ಖರ್ಚು ಎಷ್ಟು ಅಂತ ಒಂದು ಮೊತ್ತ ಬರೆದಿಡಿ. ಹತ್ತು ನಿಮಿಷದ ಕೆಲಸ, ಒಂದು ಇನಿಂಗ್ಸ್ ವಿರಾಮದಷ್ಟೂ ಇಲ್ಲ.

ನಮ್ಮ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ ನನ್ನದು, ನೀಲಿ ಅವರದ್ದು. ನಿಮ್ಮ ಮನೆಯಲ್ಲಿ ರಿಮೋಟ್ ಹಂಚಿಕೆ ಹೇಗೆ ನಡೆಯುತ್ತೆ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.