ಮುನ್ಸೂಚನೆಯೂ ಮನುಷ್ಯಸ್ವಭಾವವೂ

ಆಪತ್ತನ್ನು ಮುಂಚಿತವಾಗಿ ತಿಳಿಸುವ ಯಂತ್ರವು ಎಷ್ಟೇ ಸೂಕ್ಷ್ಮವಾಗಿದ್ದರೂ, ತಿಳಿದ ಮನುಷ್ಯನು ಕುಳಿತ ಸ್ಥಳದಿಂದ ಕದಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ಆದಕಾರಣ ವಿಪತ್ತು ನಿರ್ವಹಣೆಯ ಸಾಧನಗಳನ್ನು ಕುರಿತ ಸಂಶೋಧನೆಯು ಮೋಡ, ನದಿಗಳೊಡನೆ ಜನರ ನಡವಳಿಕೆಯನ್ನೂ ಪರೀಕ್ಷಿಸತೊಡಗಿದೆ. ಎಚ್ಚರಿಕೆಯು ಎಷ್ಟು ಜನರಿಗೆ ಮುಟ್ಟಿತೆಂಬುದಕ್ಕಿಂತ ಎಷ್ಟು ಜನರು ಅದರಂತೆ ನಡೆದರೆಂಬುದೇ ಸಾಧನದ ನಿಜವಾದ ಪರೀಕ್ಷೆಯಾಗಿರುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ಗ್ರಾಮಮುಖಂಡರೂ ಜಮೀನುದಾರರೂ ಈ ವಿಷಯವನ್ನು ಮನಗಾಣುವುದು ಅವಶ್ಯ.

1988ರಲ್ಲಿ ಬರಗಾಲದ ಉಸ್ತುವಾರಿಗಾಗಿ ಬೆಂಗಳೂರಿನಲ್ಲಿ ಆರಂಭವಾದ ಘಟಕವು ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ಸ್ಥಾಪಿಸಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಸಾಧನವು ಸಮೀಪದ ಸಿಡಿಲಿನ ಸುದ್ದಿಯನ್ನು ಮೊಬೈಲಿನಲ್ಲಿಯೇ ತಿಳಿಸುತ್ತದೆ. ಇಷ್ಟಿದ್ದರೂ ಜನರು ತಡಮಾಡುವುದಕ್ಕೆ ಕಾರಣಗಳುಂಟು.

ಮೊದಲನೆಯದು, ಹಿಂದಿನ ಅನುಭವದ ಮೇಲಿನ ಅತಿಯಾದ ಭರವಸೆ. ಅಜ್ಜನ ಕಾಲದಲ್ಲಿಯೂ ಹೊಳೆಯ ನೀರು ಇಲ್ಲಿಗೆ ಬಂದಿರಲಿಲ್ಲವೆಂಬ ಮಾತು ಧೈರ್ಯವನ್ನು ಕೊಡುತ್ತದೆಯೇ ಹೊರತು ನೀರನ್ನು ತಡೆಯುವುದಿಲ್ಲ. 2019ರ ಆಗಸ್ಟಿನಲ್ಲಿ ವರದಾನದಿಯು ಉಕ್ಕಿ ಹಾವೇರಿ ಜಿಲ್ಲೆಯ ದಂಡೆಯ ಊರುಗಳಿಗೆ ನುಗ್ಗಿತು. ಎರಡನೆಯದು, ಸುದ್ದಿ ಬಂದೊಡನೆ ನೆರೆಯವನು ಏನು ಮಾಡುವನೆಂದು ಕಾದು ನೋಡುವ ಸ್ವಭಾವ. ಮೂರನೆಯದು, ಒಮ್ಮೆ ಹುಸಿಯಾದ ಎಚ್ಚರಿಕೆಯನ್ನು ಮತ್ತೆ ನಂಬದಿರುವುದು. ನಾಲ್ಕನೆಯದು, ಕೈಯಲ್ಲಿರುವ ಲಾಭವನ್ನು ಕಾಣದ ಅಪಾಯಕ್ಕಾಗಿ ಬಿಡಲೊಲ್ಲದಿರುವುದು. ಗುಡುಗು ಕೇಳಿದರೂ ಕೂಲಿಯಾಳು ಗೋವಿನಜೋಳದ ಹೊಲದಲ್ಲಿ ನಿಲ್ಲುವುದು ಅಜ್ಞಾನದಿಂದಲೇ ಎಂದು ತಿಳಿಯಬಾರದು; ಅರ್ಧ ದಿನದ ಕೂಲಿ ಹೋದೀತೆಂಬ ಭಯವೂ ಅವನನ್ನು ಹಿಡಿದು ನಿಲ್ಲಿಸುತ್ತದೆ.

ಒಡಿಶಾ ರಾಜ್ಯದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನರು ಬಲಿಯಾದರು. 2013ರ ‘ಫೈಲಿನ್’ ಚಂಡಮಾರುತದಲ್ಲಿ ಸುಮಾರು 10 ಲಕ್ಷ ಜನರು ಮೊದಲೇ ಸ್ಥಳಾಂತರಗೊಂಡರು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಉತ್ತಮವಾದ ಮುನ್ಸೂಚನೆ, ಆಶ್ರಯಗೃಹಗಳ ಜೊತೆಗೆ, ಪರಿಚಿತರು ಬಾಗಿಲಿಗೆ ಬಂದು ಕರೆದದ್ದೂ ಈ ಫಲಕ್ಕೆ ಕಾರಣವಾಯಿತು.

ನಮ್ಮ ಕಡೆಯಲ್ಲಿ ಭರಣಿ ಮಳೆಗೆ ಮೊದಲೇ ಮಾಡತಕ್ಕ ಕಾರ್ಯಗಳು ಇವು. ಸಿಡಿಲಿನ ಸೂಚನೆಗೆ ಹೊಲ ಬಿಟ್ಟವರ ಕೂಲಿಯನ್ನು ಕಡಿಯುವುದಿಲ್ಲವೆಂದು ಜಮೀನುದಾರರು ಊರ ಮುಂದೆ ಹೇಳತಕ್ಕದ್ದು. ಗಿಡದ ಬುಡವನ್ನಾಗಲಿ ತೆರೆದ ಗುಡಿಸಲನ್ನಾಗಲಿ ಆಶ್ರಯಿಸದೆ, ಪ್ರತಿಯೊಂದು ಹೊಲದವರೂ ಯಾವ ಪಕ್ಕಾ ಕಟ್ಟಡಕ್ಕೆ ಹೋಗಬೇಕೆಂಬುದನ್ನು ಮುಂಚಿತವಾಗಿ ಗೊತ್ತುಪಡಿಸಬೇಕು. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ. ಒಡನೆಯೇ ಹೊರಟು, ಕಡೆಯ ಗುಡುಗಿನ ತರುವಾಯ 30 ನಿಮಿಷ ಒಳಗಿರತಕ್ಕದ್ದು. ಕುರಿ ಕಾಯುವ ಹುಡುಗರಿಗೂ ಈ ಲೆಕ್ಕವನ್ನು ಕಲಿಸಬೇಕು. ವರದಾ, ತುಂಗಭದ್ರಾ ದಂಡೆಯ ಊರುಗಳಲ್ಲಿ ನೆರೆ ಏರಿದ ಮಟ್ಟವನ್ನು ಶಾಲೆಯ ಇಲ್ಲವೆ ಗುಡಿಯ ಗೋಡೆಯ ಮೇಲೆ ವರ್ಷಸಹಿತ ಬಣ್ಣದಿಂದ ಗುರುತಿಸಬೇಕು. ಎಚ್ಚರಿಕೆ ಹುಸಿಯಾದ ದಿನ ಯಾರನ್ನೂ ಹಾಸ್ಯಮಾಡದೆ, ಮೋಡ ಬೇರೆಡೆಗೆ ಸರಿದ ಸಂಗತಿಯನ್ನು ತಿಳಿಯಹೇಳಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ವ್ಯರ್ಥ. ಮುಖಂಡನು ತಾನೇ ಮೊದಲು ಹೊಲ ಬಿಟ್ಟು ನಡೆದರೆ ನೋಡಿದವರೂ ಹಿಂದೆ ನಡೆಯುವರು; ಯಂತ್ರವು ಕೊಟ್ಟ ಸುದ್ದಿಯು ಆಗಲೇ ಸಾರ್ಥಕವಾಗುವುದು.